ಮರಳ ಕಡಲಿನ ಸಾರಥಿ

ಬೇಸಗೆಯಲ್ಲಿ ಸಿದ್ದಾಪುರದಿಂದ ತೆಂಕಣಕ್ಕೆ ಹೊರಟು ತುಂಗಭದ್ರೆಯ ದಂಡೆಯನ್ನು ಸೇರಿದವರಿಗೆ ಒಂದು ನೋಟ ಚಿರಪರಿಚಿತ. ನೀರು ಒಂದು ಮಗ್ಗುಲಿಗೆ ಸರಿದು, ಪಾತ್ರದ ಬಹುಭಾಗ ಉಸುಕಿನ ಬಯಲಾಗಿರುತ್ತದೆ. ಆ ಉಸುಕಿಗೆ ಇಳಿದ ಬಂಡಿಯ ಗಾಲಿ ಹೂತಾಗ ಎತ್ತುಗಳನ್ನು ಹೊಡೆದು ಫಲವಿಲ್ಲವೆಂಬುದು ಬಂಡಿಕಾರನಿಗೆ ಗೊತ್ತು. ಆತ ಕೆಳಗಿಳಿದು ಗಾಲಿಯ ಮುಂದಿನ ಉಸುಕನ್ನು ಕೈಯಿಂದ ಬಳಿಯುತ್ತಾನೆ. ಟ್ರಾಕ್ಟರು ಹೂತಾಗ ಮಾತ್ರ ಹೊಸಬನಾದ ಚಾಲಕ ಎಂಜಿನ್ನಿನ ಬಲವನ್ನು ನಂಬಿ ಗಾಲಿಯನ್ನು ಮತ್ತಷ್ಟು ರಭಸದಿಂದ ತಿರುಗಿಸುತ್ತಾನೆ. ತಿರುಗಿದಷ್ಟೂ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಇದೇ ನೋಟದ ಇನ್ನೊಂದು ರೂಪವನ್ನು ಅರಬ್ಬೀ ಸಮುದ್ರದ ಆಚೆ ಕಾಣಬಹುದು. ದುಬೈ, ಅಬುಧಾಬಿಗಳಲ್ಲಿ ನೆಲಸಿರುವ ನಮ್ಮ ಕನ್ನಡದ ಸಂಸಾರಗಳು ರಜೆಯ ದಿನ ಮಕ್ಕಳುಮರಿಗಳೊಡನೆ ತಮ್ಮ ಎಸ್‌ಯುವಿ ಮೋಟಾರುಗಳನ್ನು ಏರಿ ಮರಳದಿಬ್ಬಗಳ ಕಡೆಗೆ ಹೊರಡುವುದುಂಟು. ಡಾಂಬರು ಮುಗಿದಲ್ಲಿ ಮೋಟಾರುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಇಳಿದವರು ಮೊದಲು ಮಾಡುವ ಕೆಲಸ ಟೈರುಗಳ ಗಾಳಿಯನ್ನು ಬಿಡುವುದು. ರಸ್ತೆಯ ಮೇಲೆ 35 ಪೌಂಡಿನಷ್ಟಿದ್ದ ಒತ್ತಡವನ್ನು 15ರ ಆಸುಪಾಸಿಗೆ ಇಳಿಸುತ್ತಾರೆ. ಗಾಳಿ ಕಡಿಮೆಯಾದ ಟೈರು ಒಂಟೆಯ ಪಾದದಂತೆ ಅಗಲಗೊಳ್ಳುತ್ತದೆ. ಮೋಟಾರಿನ ಭಾರ ಹೆಚ್ಚು ಮರಳಿನ ಮೇಲೆ ಹರಡಿ, ಗಾಲಿ ಹೂಳದೆ ತೇಲುತ್ತದೆ. ಇಂದು ಹತ್ತು ವರ್ಷದ ಹುಡುಗನೂ ಬಲ್ಲ ಈ ಉಪಾಯವನ್ನು, ಇದರ ಜೊತೆಗೆ ಮರಳಿನ ಮೇಲೆ ಮೋಟಾರು ನಡೆಸುವ ಕಲೆಯ ಬಹುಪಾಲನ್ನು, ಸಹಾರದ ನಡುವೆ ಪ್ರಾಣವನ್ನೇ ಪಣವಾಗಿಟ್ಟು ಪ್ರಯೋಗಿಸಿ ನೋಡಿದವರು ಕೆಲವೇ ಮಂದಿ. ಅವರಲ್ಲಿ ಮುಖ್ಯನಾದವನು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ಗಾಲಿ ಏಕೆ ಹೂತಿತು ಎಂಬ ಪ್ರಶ್ನೆಯಿಂದ ಹೊರಟು, ಮರಳೇ ಏಕೆ ನಡೆಯುತ್ತದೆ ಎಂಬ ಪ್ರಶ್ನೆಗೆ ಬಂದು ಮುಟ್ಟಿದ ಆತನ ಬಾಳು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು.

ಬ್ಯಾಗ್ನೋಲ್ಡ್ ಹುಟ್ಟಿದ್ದು 1896ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ. ತಂದೆ ಸೇನೆಯ ಎಂಜಿನಿಯರು. ಖಾರ್ಟೂಮಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಗಾರ್ಡನ್ನನ ಬಿಡುಗಡೆಗೆಂದು 1884ರಲ್ಲಿ ಹೊರಟ ದಂಡಿನಲ್ಲಿ ನೈಲ್ ನದಿಯ ಮೇಲೆ ಸಾಗಿದವನು. ಹೀಗೆ ಈಜಿಪ್ಟು ಮಗನಿಗೆ ಮನೆಯ ಮಾತಾಗಿಯೇ ಬಂದಿತ್ತು. ಅಕ್ಕ ಈನಿಡ್ ಮುಂದೆ ಕಾದಂಬರಿಕಾರ್ತಿಯಾಗಿ ತಮ್ಮನಿಗಿಂತ ಹೆಚ್ಚು ಹೆಸರು ಗಳಿಸಿದಳು. ಕುದುರೆಯೊಂದರ ಮೇಲೆ ಪ್ರಾಣವಿಟ್ಟ ಹುಡುಗಿಯನ್ನು ಕುರಿತ ಆಕೆಯ ‘ನ್ಯಾಷನಲ್ ವೆಲ್ವೆಟ್’ ಚಲಚ್ಚಿತ್ರವೂ ಆಯಿತು. ಒಂದೇ ಮನೆಯಲ್ಲಿ ಒಬ್ಬಳಿಗೆ ಕುದುರೆಯ ಗೀಳು, ಒಬ್ಬನಿಗೆ ಯಂತ್ರದ ಗೀಳು. ವುಲಿಚ್ಚಿನ ಸೇನಾಶಾಲೆಯಲ್ಲಿ ಓದಿ 1915ರಲ್ಲಿ ಅಧಿಕಾರಿಯಾದ ರಾಲ್ಫ್ ಫ್ರಾನ್ಸಿನ ಕಂದಕಗಳಲ್ಲಿ ಮೂರು ವರ್ಷ ಕಳೆದನು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್ಜಿನಲ್ಲಿ ಎಂಜಿನಿಯರಿಂಗ್ ಓದಿ, ಸೇನೆಯ ಸಂಪರ್ಕದಳಕ್ಕೆ ಸೇರಿಕೊಂಡನು.

1926ರಲ್ಲಿ ಆತನಿಗೆ ಕೈರೋ ನಗರಕ್ಕೆ ವರ್ಗವಾಯಿತು. ಅಲ್ಲಿಯ ಇಂಗ್ಲಿಷ್ ಅಧಿಕಾರಿಗಳಿಗೆ ಪೋಲೋ ಆಟ, ಕುದುರೆ ಜೂಜು, ಸಂಜೆಯ ಪಾನಗೋಷ್ಠಿ ಇವೇ ಕಾಲಕ್ಷೇಪ. ಬ್ಯಾಗ್ನೋಲ್ಡನಿಗೂ ಅವನ ಕೆಲವು ಗೆಳೆಯರಿಗೂ ಅದು ರುಚಿಸಲಿಲ್ಲ. ಊರಿನ ಅಂಚಿನಲ್ಲಿ ಪಿರಮಿಡ್ಡುಗಳ ಹಿಂದೆಯೇ ಆರಂಭವಾಗುವ ಮರಳುಗಾಡು ಪಶ್ಚಿಮಕ್ಕೆ ಎಲ್ಲಿಯವರೆಗೆ ಹಬ್ಬಿದೆಯೆಂಬುದು ಅಂದಿನ ಭೂಪಟಗಳಲ್ಲಿ ಸರಿಯಾಗಿ ಇರಲಿಲ್ಲ. ರಾಜಕುಮಾರ ಕಮಾಲುದ್ದೀನನು ಬಹಳ ಹಣ ಸುರಿದು ಸರಪಳಿಗಾಲಿಯ ಸಿತ್ರೋಯೆನ್ ಗಾಡಿಗಳಲ್ಲಿ ಆ ಕಡೆ ದೂರ ಹೋಗಿ ಬಂದಿದ್ದನು. ಈ ಗೆಳೆಯರಿಗೆ ಅಷ್ಟು ಸಂಪತ್ತು ಇರಲಿಲ್ಲ. ತಮ್ಮ ಸಂಬಳದಲ್ಲಿ ಉಳಿಸಿ ಕೊಂಡ ಅಗ್ಗದ ಫೋರ್ಡ್ ಕಾರುಗಳೇ ಅವರ ವಾಹನ, ಸೇನೆ ಕೊಡುವ ರಜೆಯೇ ಅವರ ಕಾಲ. ಸಿನಾಯ್, ಪ್ಯಾಲೆಸ್ಟೈನ್, ಸೀವಾ ಓಯಸಿಸ್ ಹೀಗೆ ಒಂದೊಂದೇ ಯಾನದಲ್ಲಿ ಅವರು ದೂರವನ್ನು ಹೆಚ್ಚಿಸುತ್ತ ಹೋದರು.

ಈ ಯಾನಗಳಲ್ಲಿ ಬ್ಯಾಗ್ನೋಲ್ಡನಿಗೆ ಎದುರಾದ ತೊಡಕುಗಳು ಮುಖ್ಯವಾಗಿ ಮೂರು, ಮೂರಕ್ಕೂ ಆತ ಕಂಡುಕೊಂಡ ಪರಿಹಾರಗಳು ಎಷ್ಟು ಸರಳವೆಂದರೆ ನಮ್ಮ ಊರ ಕಮ್ಮಾರನೂ ಮಾಡಿಕೊಡಬಹುದಾದಂಥವು. ಮೊದಲನೆಯದು ನೀರು. ಮೆತ್ತನೆಯ ಮರಳಿನಲ್ಲಿ ಎಂಜಿನ್ನು ಕುದಿದು, ರೇಡಿಯೇಟರಿನ ನೀರು ಆವಿಯಾಗಿ ಹಾರಿಹೋಗುತ್ತದೆ. ಕುಡಿಯುವ ನೀರನ್ನು ಎಂಜಿನ್ನಿಗೆ ಎರೆಯುತ್ತ ಹೋದರೆ ಮನುಷ್ಯರ ಗತಿಯೇನು? ರೇಡಿಯೇಟರಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಆವಿಯನ್ನು ಕೊಳವೆಯ ಮೂಲಕ ಪಕ್ಕದ ಮೆಟ್ಟಿಲ ಮೇಲೆ ಕಟ್ಟಿದ, ಅರ್ಧ ನೀರು ತುಂಬಿದ ಡಬ್ಬಕ್ಕೆ ಹರಿಸಿದರು. ಆವಿ ಅಲ್ಲಿ ತಣಿದು ನೀರಾಯಿತು. ಕಾರನ್ನು ಗಾಳಿಗೆ ಮುಖವಾಗಿ ನಿಲ್ಲಿಸಿ ತುಸು ಹೊತ್ತು ಕಾದರೆ, ಎಂಜಿನ್ನು ತಣಿದಂತೆ ಅದೇ ನೀರನ್ನು ಗುಳುಗುಳು ಸದ್ದಿನೊಡನೆ ಹಿಂದಕ್ಕೆ ಹೀರಿಕೊಳ್ಳುತ್ತಿತ್ತು. ಇದು ಮೊದಲನೆಯ ಮಹಾಯುದ್ಧದಲ್ಲಿ ಅದೇ ಮರಳುಗಾಡಿನಲ್ಲಿ ಫೋರ್ಡ್ ಕಾರುಗಳಲ್ಲಿ ಗಸ್ತು ತಿರುಗಿದ ದಳದವರ ಉಪಾಯ. ಬ್ಯಾಗ್ನೋಲ್ಡ್ ಅದನ್ನು ತಿದ್ದಿ ಬಳಸಿಕೊಂಡನು.

ಎರಡನೆಯದು ದಿಕ್ಕು. ಕಬ್ಬಿಣದ ಕಾರಿನಲ್ಲಿ ಅಯಸ್ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ಪ್ರತಿ ಸಲವೂ ಇಳಿದು ದೂರ ನಡೆದು ನೋಡುವುದೂ ಆಗದ ಮಾತು. ಬ್ಯಾಗ್ನೋಲ್ಡ್ ಒಂದು ದುಂಡು ಫಲಕದ ಮೇಲೆ ಅಂಶಗಳನ್ನು ಕೊರೆದು, ನಡುವೆ ಒಂದು ಸೂಜಿಯನ್ನು ನೆಟ್ಟನು. ಆಯಾ ಹೊತ್ತಿನಲ್ಲಿ ಸೂರ್ಯನಿರುವ ದಿಕ್ಕಿಗೆ ಸರಿಯಾಗಿ ಫಲಕವನ್ನು ತಿರುಗಿಸಿಕೊಂಡು, ಸೂಜಿಯ ನೆರಳು ಗೊತ್ತಾದ ಗೆರೆಯ ಮೇಲೆ ಬೀಳುವಂತೆ ಕಾರನ್ನು ನಡೆಸಿದರೆ ದಾರಿ ತಪ್ಪುವಂತಿಲ್ಲ. ರಾತ್ರಿ ನಕ್ಷತ್ರಗಳನ್ನು ಅಳೆದು ತಾವಿರುವ ಸ್ಥಳವನ್ನು ಗುರುತು ಹಾಕಿಕೊಳ್ಳುತ್ತಿದ್ದರು. ನೆರಳನ್ನು ಕಂಡು ಹೊತ್ತನ್ನು ಹೇಳುವುದು ನಮ್ಮ ಹಳ್ಳಿಗರಿಗೆ ಹೊಸದಲ್ಲ. ಹೊತ್ತನ್ನು ತಿಳಿದು ನೆರಳಿನಿಂದ ದಾರಿಯನ್ನು ಕೇಳಿದುದು ಈತನ ಹೆಚ್ಚುಗಾರಿಕೆ.

ಮೂರನೆಯ ತೊಡಕು ಮರಳೇ. ಹೂತ ಗಾಲಿಯನ್ನು ಎಬ್ಬಿಸಲು ಆತ ಕೈರೋದ ಗುಜರಿಯಲ್ಲಿ ಉಕ್ಕಿನ ಉದ್ದನೆಯ ತಗಡುಗಳನ್ನು ಕೊಂಡನು. ಹಿಂದಿನ ಯುದ್ಧದಲ್ಲಿ ಕಂದಕಗಳಿಗೆ ಮಾಡು ಹಾಕಲು ಮಾಡಿಸಿದ್ದ ತಗಡುಗಳು ಅವು. ಹಿಂಗಾಲಿಯ ಮುಂದೆ ಅವನ್ನು ಹಾಸಿ, ಮುಂಗಾಲಿಯ ಕೆಳಗೆ ಹಗ್ಗದ ಚಾಪೆಯನ್ನು ಬಿಚ್ಚಿ, ಎಲ್ಲರೂ ನೂಕಿದರೆ ಕಾರು ಎದ್ದು ಬರುತ್ತಿತ್ತು. ಕೆಲವು ದಿನ ಇದೊಂದೇ ಕೆಲಸ. ಬೆಳಗಿನಿಂದ ಬೈಗಿನ ತನಕ ತೋಡುವುದು, ಹಾಸುವುದು, ನೂಕುವುದು, ಮತ್ತೆ ಹೂಳುವುದು. ಈ ದುಡಿಮೆಯ ನಡುವೆ ಆತನ ಕಣ್ಣು ಮಾತ್ರ ಮರಳಿನ ಮೇಲೆಯೇ ಇತ್ತು. ಒಂದು ಕಡೆ ಗಾಲಿ ಗುರುತೂ ಮೂಡದಷ್ಟು ಗಟ್ಟಿ. ನಾಲ್ಕು ಮಾರು ಆಚೆಗೆ, ಅದೇ ಬಣ್ಣ, ಅದೇ ನುಣುಪು, ಅಚ್ಚಿನವರೆಗೆ ನುಂಗುವ ಹೊಂಡ. ಗಾಳಿಯು ಕಣಗಳನ್ನು ಬಡಿಬಡಿದು ಕೂರಿಸಿದ ಇಳಿಜಾರು ಗಟ್ಟಿಯಾಗಿರುತ್ತದೆಂದೂ, ದಿಬ್ಬದ ನೆತ್ತಿಯನ್ನು ದಾಟಿ ಆಚೆ ಉದುರಿದ ಮರಳು ಸಡಿಲವಾಗಿ ನಿಂತಿರುತ್ತದೆಂದೂ ಆತನಿಗೆ ಕ್ರಮೇಣ ತಿಳಿಯಿತು.

ಈ ತಿಳಿವಿನ ಪರೀಕ್ಷೆ ನಡೆದುದು 1929 ಮತ್ತು 1930ರ ಯಾನಗಳಲ್ಲಿ. ಆಗ ಆತನಿಗೆ ಇಂಡಿಯದ ವಾಯವ್ಯ ಗಡಿಯಲ್ಲಿ ಕೆಲಸ. ಅಲ್ಲಿಂದ ರಜೆ ಪಡೆದು ಈಜಿಪ್ಟಿಗೆ ಹೋಗಿ ಗೆಳೆಯರನ್ನು ಕೂಡಿಕೊಂಡನು. ಈಜಿಪ್ಟ್ ಮತ್ತು ಲಿಬಿಯಾಗಳ ನಡುವಣ ಮಹಾ ಮರಳ ಕಡಲು ಸುಮಾರು 70,000 ಚದರ ಕಿಲೋಮೀಟರಿನಷ್ಟು ವಿಸ್ತಾರ. ಇಂದಿನ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಹಿರಿದು. ನೂರು ಮೀಟರಿನವರೆಗೆ ಎತ್ತರವಾದ ಮರಳ ಏಣುಗಳು ಉತ್ತರದಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರು ಸಾಲುಗಟ್ಟಿ ನಿಂತಿವೆ. ಅವನ್ನು ಅಡ್ಡ ಹಾಯ್ದು ಮೋಟಾರು ಹೋಗಲಾರದೆಂಬುದು ಬಲ್ಲವರ ನಂಬಿಕೆಯಾಗಿತ್ತು. ಎಚ್ಚರಿಕೆಯಿಂದ ನಿಧಾನವಾಗಿ ಏರಿದ ಗಾಡಿಗಳೆಲ್ಲ ಬುಡದಲ್ಲಿಯೇ ಹೂತುವು. ಕಡೆಗೆ ಬ್ಯಾಗ್ನೋಲ್ಡ್ ಗಂಟೆಗೆ ನಲವತ್ತು ಮೈಲಿಯ ವೇಗದಲ್ಲಿ ನೇರವಾಗಿ ಆ ಹಳದಿಯ ಗೋಡೆಗೆ ಗಾಡಿಯನ್ನು ಎದುರಾಗಿ ಬಿಟ್ಟನು. ಗಾಳಿಯ ಮಗ್ಗುಲಿನ ಗಟ್ಟಿಮರಳು ಅದನ್ನು ಹೊತ್ತಿತು. ಕೆಲವು ಕ್ಷಣಗಳಲ್ಲಿ ಆತನೂ ಪಕ್ಕದಲ್ಲಿ ಕುಳಿತವನೂ ನೂರಡಿ ಮೇಲೆ, ದಿಬ್ಬದ ನೆತ್ತಿಯಲ್ಲಿ, ನಂಬಲಾರದೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿದ್ದರು. ಏರುವುದಕ್ಕಿಂತ ಅಪಾಯ ನೆತ್ತಿಯಲ್ಲಿದೆ: ವೇಗವನ್ನು ಸಕಾಲದಲ್ಲಿ ತಗ್ಗಿಸದಿದ್ದರೆ ಗಾಡಿ ಆಚೆಯ ಕಡಿದಾದ ಜಾರಿಗೆ ಹಾರಿ ಮಗುಚುತ್ತದೆ. ಬಿರ್ರನೆ ಬ್ರೇಕು ಒತ್ತಿದರೂ ಕೆಟ್ಟಿತು, ಮುಂಗಾಲಿ ಮರಳನ್ನು ಉತ್ತು ನಿಲ್ಲುತ್ತದೆ. ಇಂದಿಗೂ ದಿಬ್ಬ ಏರುವವರಿಗೆ ಹೇಳಿಕೊಡುವುದು ಇದನ್ನೇ.

1930ರಲ್ಲಿ ಆ ಮರಳ ಕಡಲನ್ನು ದಾಟಿ, ಉವೇನಾತ್ ಬೆಟ್ಟವನ್ನು ಕಂಡು, ಅವರು ಸೂಡಾನಿನ ವಾದಿ ಹಾಲ್ಫಾ ಊರಿಗೆ ಬಂದರು. ಅಲ್ಲಿ ಗ್ರೀಕನೊಬ್ಬನ ಪಾನಗೃಹದಲ್ಲಿ ಕುಳಿತು ಕಟ್ಟಿಕೊಂಡದ್ದು ‘ಝೆರ್ಜೂರಾ ಕ್ಲಬ್ಬು’. ಝೆರ್ಜೂರಾ ಎಂಬುದು ಅರಬ್ಬರ ಹಳೆಯ ಕಥೆಗಳಲ್ಲಿ ಬರುವ, ಯಾರಿಗೂ ಸಿಗದ ಓಯಸಿಸ್. ಇದನ್ನು ಹುಡುಕಿದವರೆಲ್ಲ ಈ ಕ್ಲಬ್ಬಿನ ಬಳಗ. ಹಂಗೇರಿಯ ಅಲ್ಮಾಷಿ ಕೂಡ ಇದೇ ಹುಚ್ಚಿನವನು. ‘ದಿ ಇಂಗ್ಲಿಷ್ ಪೇಷಂಟ್’ ಕಾದಂಬರಿಯ ನಾಯಕನಿಗೆ ಆತನ ಹೆಸರಿದೆ, ಬಾಳು ಮಾತ್ರ ಕವಿಕಲ್ಪಿತ. 1932ರಲ್ಲಿ ಬ್ಯಾಗ್ನೋಲ್ಡ್ ಮತ್ತೆ ಹೊರಟು 6,000 ಮೈಲಿಗಿಂತ ಹೆಚ್ಚು ದಾರಿಯನ್ನು ಸುತ್ತಿದನು. ಅದರಲ್ಲಿ ರಸ್ತೆಯೆಂಬುದು ಅತ್ಯಲ್ಪ. ಈ ಸಾಹಸಕ್ಕೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕವನ್ನಿತ್ತಿತು.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಈ ಗೆಳೆಯರಿಗೆ ಶೂನ್ಯವೆಂದು ಕಂಡ ಮರಳುಗಾಡು ಜನರಿಲ್ಲದ ನಾಡೇನೂ ಆಗಿರಲಿಲ್ಲ. 1931ರ ಜನವರಿಯಲ್ಲಿ ಇಟಲಿಯ ಸೇನೆ ಕುಫ್ರಾ ಓಯಸಿಸನ್ನು ಹಿಡಿದಾಗ, ಅಲ್ಲಿಯ ಜನ ಹೆಂಗಸರು ಮಕ್ಕಳೊಡನೆ ಇದೇ ನೀರಿಲ್ಲದ ನೆಲದಲ್ಲಿ ಪೂರ್ವಕ್ಕೆ ಓಡಿಬಂದರು. ದಾರಿಯಲ್ಲಿಯೇ ಸತ್ತವರು ಎಷ್ಟೋ ಮಂದಿ. ಮರುವರ್ಷ ಅದೇ ಇಟಲಿಯ ಅಧಿಕಾರಿಗಳೊಡನೆ ಬ್ಯಾಗ್ನೋಲ್ಡನ ತಂಡ ಸೌಜನ್ಯದ ಊಟ ಮಾಡಿತು. ಒಬ್ಬನಿಗೆ ಕ್ರೀಡೆಯಾದ ನೆಲ ಇನ್ನೊಬ್ಬನಿಗೆ ಮಸಣವಾಗಿತ್ತು. ಯುದ್ಧದ ಗಾಳಿ ಆ ಊಟದ ಮೇಜಿನ ಮೇಲೆಯೇ ಬೀಸಿತ್ತೆನ್ನಬೇಕು.

ಮುಂದೆ ಪೂರ್ವದೇಶಗಳಲ್ಲಿ ಕೆಲಸದಲ್ಲಿದ್ದಾಗ ತೀವ್ರವಾದ ಕರುಳಬೇನೆ ತಗುಲಿ, 1935ರಲ್ಲಿ ಸೇನೆ ಆತನನ್ನು ನಿವೃತ್ತಿಗೊಳಿಸಿತು. ವಯಸ್ಸು 39. ಬದುಕು ಮುಗಿಯಿತೆಂದು ಇನ್ನೊಬ್ಬನು ತಿಳಿಯುತ್ತಿದ್ದನೋ ಏನೋ. ಬ್ಯಾಗ್ನೋಲ್ಡ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸ್ವಲ್ಪ ಜಾಗ ಬೇಡಿ, ಹಲಗೆ ಮತ್ತು ಗಾಜುಗಳಿಂದ ಸುಮಾರು 30 ಅಡಿ ಉದ್ದದ ಒಂದು ಗಾಳಿಯ ಸುರಂಗವನ್ನು ತನ್ನ ಕೈಯಾರ ಕಟ್ಟಿಕೊಂಡನು. ಅದರೊಳಗೆ ಮರಳನ್ನು ಹರಡಿ ಗಾಳಿಯನ್ನು ಬೀಸಿಸಿ, ಗಾಜಿನ ಪಕ್ಕೆಯಿಂದ ಕಣಗಳ ನಡೆಯನ್ನು ನೋಡುತ್ತ ಕುಳಿತನು.

ಆತ ಕಂಡದ್ದು ಹೀಗೆ. ಮರಳು ಧೂಳಿನಂತೆ ಗಾಳಿಯಲ್ಲಿ ತೇಲುವುದಿಲ್ಲ, ಕುಪ್ಪಳಿಸುತ್ತದೆ. ಕಣವೊಂದು ನೆಲದಿಂದ ಚಿಮ್ಮಿ ಮೇಲೇರಿದಾಗ ಗಾಳಿ ಅದಕ್ಕೆ ವೇಗ ಕೊಡುತ್ತದೆ. ಅದು ಓರೆಯಾಗಿ ಇಳಿದು ನೆಲಕ್ಕೆ ಬಡಿದು ತಾನೂ ಪುಟಿಯುತ್ತದೆ, ಬೇರೆ ಕಣಗಳನ್ನೂ ಎಬ್ಬಿಸುತ್ತದೆ. ಆದುದರಿಂದಲೇ ಬಿರುಗಾಳಿಯಲ್ಲಿ ನಿಂತವನ ಕಾಲಿಗೆ ಮರಳು ಚುಚ್ಚುತ್ತಿದ್ದರೂ ತಲೆಯ ಸುತ್ತ ಗಾಳಿ ತಿಳಿಯಾಗಿರುವುದುಂಟು. ಒಮ್ಮೆ ಕುಪ್ಪಳಿಕೆ ಆರಂಭವಾದರೆ, ಅದನ್ನು ಆರಂಭಿಸಲು ಬೇಕಾದುದಕ್ಕಿಂತ ಮೆಲ್ಲನೆಯ ಗಾಳಿಯೂ ಅದನ್ನು ನಡೆಸಿಕೊಂಡು ಹೋಗಬಲ್ಲದು. ಸಾಗುವ ಮರಳಿನ ಮೊತ್ತ ನೆಲದ ಮೇಲಣ ಗಾಳಿಯ ಸೆಳೆತದ ವೇಗದ ಘನಕ್ಕೆ ಅನುಪಾತವಾಗಿ ಏರುತ್ತದೆ; ವೇಗ ಇಮ್ಮಡಿಯಾದರೆ ಮರಳು ಸುಮಾರು ಎಂಟು ಮಡಿ. ಎಲ್ಲಕ್ಕಿಂತ ಸೊಗಸಾದ ಶೋಧವೆಂದರೆ ದಿಬ್ಬದ ಹುಟ್ಟು. ಗಟ್ಟಿಯಾದ ಕಲ್ಲುನೆಲದ ಮೇಲೆ ಬಿದ್ದ ಕಣ ಎತ್ತರ ಪುಟಿದು ದೂರ ಹೋಗುತ್ತದೆ. ಮೆತ್ತನೆಯ ಮರಳಿನ ಮೇಲೆ ಬಿದ್ದದ್ದು ಅಲ್ಲಿಯೇ ಸೋತು ಕೂರುತ್ತದೆ. ಹೀಗೆ ಇದ್ದಲ್ಲಿಗೇ ಮರಳು ಬಂದು ಸೇರುತ್ತ, ಬರಿ ಬಯಲಿನ ನಡುವೆ ದಿಬ್ಬವೆದ್ದು ನಿಲ್ಲುತ್ತದೆ.

ತಲಕಾಡಿನಲ್ಲಿ ಕಾವೇರಿಯ ಮರಳು ಪಾತಾಳೇಶ್ವರ, ಮರಳೇಶ್ವರ ಮೊದಲಾದ ಗುಡಿಗಳನ್ನು ಹೂಳಿದ್ದಕ್ಕೆ ಅಲಮೇಲಮ್ಮನ ಶಾಪ ಕಾರಣವೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆ ಕಥೆಯ ನೋವು ಬೇರೆ, ಇತಿಹಾಸದ ಲೆಕ್ಕ ಬೇರೆ. ಆದರೆ ಬೇಸಗೆಯ ಗಾಳಿ ಹೊಳೆಯ ಪಾತ್ರದ ಒಣಮರಳನ್ನು ದಂಡೆಗೆ ಹೇಗೆ ಹೊತ್ತಿತು, ಒಮ್ಮೆ ಕೂಡಿದ ಮರಳು ಮತ್ತೆ ಮರಳನ್ನೇ ಹೇಗೆ ಕರೆಯಿತು ಎಂಬುದಕ್ಕೆ ಬ್ಯಾಗ್ನೋಲ್ಡನ ಸುರಂಗದಲ್ಲಿ ಉತ್ತರವಿದೆ. 1938ರಲ್ಲಿ ಆತ ಮತ್ತೆ ಈಜಿಪ್ಟಿಗೆ ಹೋಗಿ, ಸುರಂಗದ ಲೆಕ್ಕಗಳನ್ನು ನಿಜವಾದ ಬಿರುಗಾಳಿಯಲ್ಲಿ ಕುಳಿತು ತಾಳೆ ನೋಡಿದನು. ಗಾಳಿ ಒಯ್ಯುವ ಮರಳಿನ ಭೌತಶಾಸ್ತ್ರವನ್ನು ಕುರಿತ ಆತನ ಗ್ರಂಥ 1941ರಲ್ಲಿ ಹೊರಬಂತು. ಆ ಶಾಸ್ತ್ರವನ್ನು ಓದುವವರು ಇಂದಿಗೂ ಅಲ್ಲಿಂದಲೇ ತೊಡಗುತ್ತಾರೆ.

ಗ್ರಂಥ ಹೊರಬಂದಾಗ ಗ್ರಂಥಕರ್ತನು ಯುದ್ಧದಲ್ಲಿದ್ದನು. 1939ರಲ್ಲಿ ಸೇನೆ ಆತನನ್ನು ಮರಳಿ ಕರೆದು, ಮರುಭೂಮಿಯನ್ನು ಅಷ್ಟು ಬಲ್ಲವನನ್ನು ಕೆನ್ಯಾಕ್ಕೆ ಕಳಿಸಿತು. ಸರಕಾರಗಳ ವಿವೇಕ ಎಲ್ಲ ಕಾಲಕ್ಕೂ ಒಂದೇ. ದಾರಿಯಲ್ಲಿ ಮೆಡಿಟರೇನಿಯನ್ನಿನಲ್ಲಿ ಆತನ ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆದು, ದುರಸ್ತಿಗೆಂದು ಪೋರ್ಟ್ ಸಯೀದಿನಲ್ಲಿ ನಿಂತಿತು. ಹಳೆಯ ಗೆಳೆಯರನ್ನು ಕಾಣಲು ಕೈರೋಗೆ ಹೋದ ಬ್ಯಾಗ್ನೋಲ್ಡನನ್ನು ಸೇನಾನಿ ವೇವೆಲ್ ಅಲ್ಲಿಯೇ ಉಳಿಸಿಕೊಂಡನು. ಮುಂದೆ ನಮ್ಮ ದೇಶದ ವೈಸರಾಯಿಯಾದವನು ಇವನೇ. ಮರುಭೂಮಿಯ ಒಳಗಿನಿಂದ ಶತ್ರುವಿನ ಬೆನ್ನ ಹಿಂದೆ ಸಾಗಬಲ್ಲ ಪುಟ್ಟ ದಳವೊಂದು ಬೇಕೆಂದು ಆತ ಬರೆದ ಸಲಹೆಯನ್ನು ಮೇಲಿನವರು ಎರಡು ಸಲ ತಳ್ಳಿಹಾಕಿದರು. 1940ರ ಜೂನ್ 10ರಂದು ಇಟಲಿ ಯುದ್ಧ ಸಾರಿತು. ಅದೇ ಸಲಹೆ ಈಗ ವೇವೆಲನ ಮೇಜಿಗೆ ನೇರವಾಗಿ ಹೋಯಿತು; ಆರು ವಾರಗಳ ಗಡುವು ಸಿಕ್ಕಿತು.

ಆ ಆರು ವಾರಗಳಲ್ಲಿ ಹುಟ್ಟಿದುದೇ ‘ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್’. ಹಳೆಯ ಗೆಳೆಯರಾದ ಕೆನೆಡಿ ಷಾ, ಕ್ಲೇಟನ್ ಮೊದಲಾದವರು ಬಂದು ಕೂಡಿದರು. ಸೈನಿಕರು ಬಹುಮಟ್ಟಿಗೆ ನ್ಯೂಜಿಲೆಂಡಿನ ರೈತರ ಮಕ್ಕಳು. ಕುರಿ ದನಗಳನ್ನೂ ಯಂತ್ರಗಳನ್ನೂ ಬಲ್ಲವರು, ಮರಳನ್ನು ಕಂಡವರಲ್ಲ. ಷೆವ್ರೊಲೆಟ್ ಲಾರಿಗಳಿಗೆ ಅದೇ ಡಬ್ಬ, ಅದೇ ನೆರಳ ದಿಕ್ಸೂಚಿ, ಅದೇ ಉಕ್ಕಿನ ತಗಡು. 1941ರ ಜನವರಿಯಲ್ಲಿ ಈ ದಳ ದಕ್ಷಿಣ ಲಿಬಿಯಾದ ಮುರ್ಜುಕ್ ಕೋಟೆಯ ಮೇಲೆ ಬಿದ್ದಾಗ, ಆ ದಿಕ್ಕಿನಿಂದ ಯಾರಾದರೂ ಬಂದಾರೆಂಬ ಕಲ್ಪನೆ ಇಟಲಿಯವರಿಗೆ ಇರಲಿಲ್ಲ. ಮುಂದೆ ನಮ್ಮ ದೇಶದ ಅಶ್ವದಳಗಳಿಂದ ಆಯ್ದ ಜಾಟ, ರಜಪೂತ, ಸಿಖ್ಖ, ಪಂಜಾಬಿ ಮುಸಲ್ಮಾನ ಯೋಧರ ಒಂದು ತುಕಡಿಯೂ ಇದೇ ವಿದ್ಯೆಯನ್ನು ಕಲಿತು, 1942ರ ಕೊನೆಗೆ ಈ ಗುಂಪಿನೊಡನೆ ದುಡಿಯಿತು. ಬ್ಯಾಗ್ನೋಲ್ಡ್ ಸ್ವತಃ 1941ರಲ್ಲಿಯೇ ದಳದ ನಾಯಕತ್ವವನ್ನು ಗೆಳೆಯ ಪ್ರೆಂಡರ್‌ಗಾಸ್ಟನಿಗೆ ವಹಿಸಿಕೊಟ್ಟನು. ಅತ್ತ, 1942ರಲ್ಲಿ ಅಲ್ಮಾಷಿ ಅದೇ ಮರಳುಗಾಡನ್ನು ದಾಟಿಸಿ ಜರ್ಮನಿಯ ಇಬ್ಬರು ಗೂಢಚಾರರನ್ನು ಈಜಿಪ್ಟಿನೊಳಗೆ ಬಿಟ್ಟುಬಂದನು. ಝೆರ್ಜೂರಾವನ್ನು ಒಟ್ಟಿಗೆ ಕನಸಿದವರು ಪರಸ್ಪರ ಶತ್ರುಗಳಾಗಿ ಆ ದಾರಿಗಳನ್ನೇ ಬಳಸಿದರು. ಸಂತೋಷಕ್ಕಾಗಿ ಗಳಿಸಿದ ತಿಳಿವು ಕೊಲೆಯ ಉಪಕರಣವಾದುದನ್ನು ಬ್ಯಾಗ್ನೋಲ್ಡನ ಅಭಿಮಾನಿಗಳು ಹೆಮ್ಮೆಯಿಂದಲೇ ಬರೆಯುತ್ತಾರೆ. ಆ ಯುದ್ಧದ ಎದುರಾಳಿ ಯಾರೆಂಬುದನ್ನು ನೆನೆದರೆ ಹೆಮ್ಮೆ ಅಕಾರಣವಲ್ಲ. ಆದರೂ ನನಗೆ ಆತನ ಬಾಳಿನಲ್ಲಿ ಆ ಗಾಜಿನ ಸುರಂಗದ ಮುಂದಿನ ದಿನಗಳೇ ಹೆಚ್ಚು ಪ್ರಿಯ.

1944ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. 1946ರಲ್ಲಿ ಮದುವೆ, ಬಳಿಕ ಇಬ್ಬರು ಮಕ್ಕಳು. ಗಾಳಿಯ ಮರಳನ್ನು ಬಿಟ್ಟು ಈಗ ನೀರಿನ ಮರಳಿಗೆ ಮನಸ್ಸು ಹರಿಯಿತು. ಹೊಳೆ ಎಷ್ಟು ಹೂಳನ್ನು ಹೊರಬಲ್ಲದು, ಎಲ್ಲಿ ಇಳಿಸುತ್ತದೆ? ಹರಿಯುವ ನೀರನ್ನು ಆತ ಒಂದು ಯಂತ್ರವೆಂದೇ ಬಗೆದನು: ಯಂತ್ರಕ್ಕೆ ಇಷ್ಟು ಶಕ್ತಿ, ಅದರಲ್ಲಿ ಹೂಳನ್ನು ಸಾಗಿಸಲು ವೆಚ್ಚವಾಗುವುದು ಇಷ್ಟು ಎಂಬ ಲೆಕ್ಕ. ಅಮೆರಿಕದ ಭೂವಿಜ್ಞಾನ ಇಲಾಖೆಯ ಕೋರಿಕೆಯಂತೆ ದುಡಿದು 1966ರಲ್ಲಿ ಪ್ರಕಟಿಸಿದ ಈ ವಿಚಾರ ನದಿಯ ಎಂಜಿನಿಯರುಗಳಿಗೆ ಇಂದು ಪಾಠ. ಸಿದ್ದಾಪುರದ ಬತ್ತದ ಗದ್ದೆಗಳಿಗೆ ಎಡದಂಡೆಯ ಕಾಲುವೆಯಿಂದ ನೀರುಣಿಸುವ ತುಂಗಭದ್ರಾ ಜಲಾಶಯ 1953ರಲ್ಲಿ ನೀರು ತುಂಬಿಕೊಂಡಾಗ ಅದರ ಹೊಟ್ಟೆ ಸುಮಾರು 133 ಟಿಎಂಸಿ ಅಡಿ. ಹೂಳು ಕೂತು ಅದು ಸುಮಾರು 105ಕ್ಕೆ ಇಳಿದಿದೆ. ಬ್ಯಾಗ್ನೋಲ್ಡ್ ಈ ಹೊಳೆಯನ್ನು ಕುರಿತು ಬರೆದವನಲ್ಲ. ಆದರೆ ಕಾಲುವೆಯ ಕೊನೆಯ ರೈತನಿಗೆ ಎರಡನೆಯ ಬೆಳೆಗೆ ನೀರು ಏಕೆ ಸಾಲದೆಂಬ ಲೆಕ್ಕದಲ್ಲಿ ಆತ ಜೀವಮಾನವಿಡೀ ಕೇಳಿದ ಪ್ರಶ್ನೆಯೂ ಸೇರಿದೆ.

ಎಪ್ಪತ್ತು ದಾಟಿದ ಮೇಲೆ ಪದಕಗಳು ಒಂದರ ಹಿಂದೊಂದು ಬಂದುವು. 1977ರಲ್ಲಿ ಅಮೆರಿಕದ ಆಕಾಶಯಾನ ಸಂಸ್ಥೆ ನಾಸಾ ಏರ್ಪಡಿಸಿದ ಸಭೆಗೆ ಆತ ಹೋಗಿದ್ದನು. ವಿಷಯ, ಭೂಮಿಯ ಮತ್ತು ಮಂಗಳಗ್ರಹದ ಮರುಭೂಮಿಗಳು. 1990ರ ಮೇ 28ರಂದು, 94ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ಆತ್ಮಕಥೆ ಅದೇ ವರ್ಷ, ಮರಣಾನಂತರ ಅಚ್ಚಾಯಿತು.

2009ರಲ್ಲಿ ಮಂಗಳನ ಮೇಲೆ ಸಂಚರಿಸುತ್ತಿದ್ದ ‘ಸ್ಪಿರಿಟ್’ ಎಂಬ ಗಾಡಿಯ ಗಾಲಿಗಳು ಮೆತ್ತನೆಯ ಮರಳಿನಲ್ಲಿ ಹೂತುವು. ಲೋಹದ ಗಾಲಿಗಳು, ಬಿಡಲು ಗಾಳಿಯಿಲ್ಲ, ನೂಕಲು ಜನರಿಲ್ಲ. ತಿಂಗಳುಗಟ್ಟಲೆ ಹೆಣಗಿದರೂ ಅದು ಮೇಲೇಳಲಿಲ್ಲ. 2015ರ ಕೊನೆಗೆ ‘ಕ್ಯೂರಿಯಾಸಿಟಿ’ ಎಂಬ ಇನ್ನೊಂದು ಗಾಡಿ ಅದೇ ಗ್ರಹದ ಕಪ್ಪು ಮರಳದಿಬ್ಬಗಳ ಸಾಲೊಂದನ್ನು ಸಮೀಪಿಸಿತು. ಈ ಸಲ ದಿಬ್ಬವನ್ನು ಏರುವ ಸಾಹಸ ಮಾಡದೆ, ಅಂಚಿನಲ್ಲಿ ನಿಂತು ಒಂದು ಗಾಲಿಯಿಂದ ಮರಳನ್ನು ಕೆದಕಿ, ಅದರ ಪದರಗಳನ್ನು ಚಿತ್ರ ತೆಗೆದು, ಹಿಂದೆ ಸರಿಯಿತು. ಆ ಸಾಲಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಬ್ಯಾಗ್ನೋಲ್ಡ್ ದಿಬ್ಬಗಳು.